ಬಿರುಬಿಸಿಲಿನಲ್ಲಿ ದೂರದ ನಡಿಗೆ: ಯೋಜನೆ ಬದಲಿಸುವುದು ಯಾವಾಗ, ಹೇಗೆ?

ಪ್ರಶ್ನೆ: ನಾವು ನಲವತ್ತರಿಂದ ಐವತ್ತೈದರೊಳಗಿನ ಆರು ಮಂದಿ ಗೆಳೆಯರು. ಎಲ್ಲರಿಗೂ ರಜೆ ಹೊಂದಿಕೊಳ್ಳುವುದು ಏಪ್ರಿಲ್ ಕೊನೆಯ ವಾರದಲ್ಲಿ ಮಾತ್ರವಾದ್ದರಿಂದ, ಆಗ ದಾವಣಗೆರೆಯಿಂದ ಹೊರಟು ಆನಗೋಡು, ಭರಮಸಾಗರ, ಚಿತ್ರದುರ್ಗ, ಹಿರಿಯೂರು ಮಾರ್ಗವಾಗಿ ವಾಣಿವಿಲಾಸ ಸಾಗರದವರೆಗೆ ಸುಮಾರು 120 ಕಿ.ಮೀ. ದೂರವನ್ನು ಐದು ದಿನಗಳಲ್ಲಿ ನಡೆಯಬೇಕೆಂದು ನಿಶ್ಚಯಿಸಿದ್ದೇವೆ. ಬೆಳಿಗ್ಗೆ ತಿಂಡಿ ಮುಗಿಸಿ ಏಳಕ್ಕೆ ಹೊರಟು ಮಧ್ಯಾಹ್ನ ಎರಡರ ವೇಳೆಗೆ ಆ ದಿನದ ತಂಗುದಾಣ ಸೇರುವುದು ನಮ್ಮ ಲೆಕ್ಕಾಚಾರ. ಈಗ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತಿದೆ, ಮನೆಯವರು ಬೇಡವೇ ಬೇಡ ಎನ್ನುತ್ತಿದ್ದಾರೆ, ಆದರೆ ತಂಗಲು ಮುಂಗಡ ಕೊಟ್ಟಾಗಿದೆ. ನಡಿಗೆಯನ್ನು ಪೂರ್ತಿ ಕೈಬಿಡಬೇಕೇ, ಅಥವಾ ಯೋಜನೆ ಬದಲಿಸಿಕೊಂಡು ಹೋಗಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಡಿಗೆಯನ್ನು ಕೈಬಿಡಬೇಕಾಗಿಲ್ಲ, ಆದರೆ ನೀವು ಬರೆದಿರುವ ವೇಳಾಪಟ್ಟಿಯನ್ನು ಖಂಡಿತ ಕೈಬಿಡಬೇಕು. ಅದು ಡಿಸೆಂಬರ್ ತಿಂಗಳಿಗೆ ಸರಿಹೋಗುವ ಪಟ್ಟಿ. ಚಳಿಗಾಲದಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕಿಕೊಂಡರೆ ಸಾಕಾಗುತ್ತದೆ. ಬೇಸಿಗೆಯಲ್ಲಿ ಅದೇ ದೂರವನ್ನು ಗಂಟೆಗಳಲ್ಲಿ ಮತ್ತು ಲೀಟರುಗಳಲ್ಲಿ ಲೆಕ್ಕ ಹಾಕಬೇಕಾಗುತ್ತದೆ, ಜೊತೆಗೆ ಏನಾದರೆ ಎಲ್ಲಿ ನಿಲ್ಲಿಸುತ್ತೇವೆ ಎಂಬುದನ್ನು ಮನೆಯಲ್ಲಿ ಫ್ಯಾನಿನ ಕೆಳಗೆ ಕುಳಿತಿರುವಾಗಲೇ ತೀರ್ಮಾನಿಸಿ ಬರೆದಿಟ್ಟುಕೊಳ್ಳಬೇಕಾಗುತ್ತದೆ. ಮೈ ಕಾದಾಗ ಕಾಲು ಸೋಲುವುದಕ್ಕೆ ಮುಂಚೆ ವಿವೇಚನೆ ಮಂಕಾಗುತ್ತದೆ. "ಇನ್ನೇನು ಮೂರು ಕಿಲೋಮೀಟರು, ನಡೆದುಬಿಡೋಣ ಬಿಡ್ರಿ" ಎಂಬ ಮಾತು ಬೆಳಿಗ್ಗೆ ಆರಕ್ಕೆ ಯಾರ ಬಾಯಲ್ಲೂ ಬರುವುದಿಲ್ಲ, ಹನ್ನೆರಡೂವರೆಗೆ ಎಲ್ಲರ ಬಾಯಲ್ಲೂ ಬರುತ್ತದೆ.

ನೀವು ಆರಿಸಿಕೊಂಡಿರುವ ವಾರದ ವಿಶೇಷವೊಂದನ್ನು ಮೊದಲು ಗಮನಿಸಿ. ದಾವಣಗೆರೆ, ಚಿತ್ರದುರ್ಗಗಳೆರಡೂ 14 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ ಇರುವುದರಿಂದ ಏಪ್ರಿಲ್ ಕೊನೆಯ ದಿನಗಳಲ್ಲಿ ಸೂರ್ಯ ಇಲ್ಲಿ ನೆತ್ತಿಯ ಮೇಲೆ ನೇರವಾಗಿ ಹಾದುಹೋಗುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನಡುಹಗಲಿನಲ್ಲಿ ನೆರಳೇ ಬೀಳದ ದಿನಗಳು ಅವು. ನಮ್ಮ ಗಡಿಯಾರ ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಸಮಯ ತೋರಿಸುವುದರಿಂದ ಆ ನಡುಹಗಲು ಇಲ್ಲಿ ಬರುವುದು 12 ಗಂಟೆಗಲ್ಲ, ಸುಮಾರು 12 ಗಂಟೆ 20 ನಿಮಿಷಕ್ಕೆ. ಬೆಳಿಗ್ಗೆ ಎಂಟಕ್ಕೆ ರಸ್ತೆಯ ಅರ್ಧದವರೆಗೆ ಚಾಚಿಕೊಂಡಿದ್ದ ಹುಣಸೆಮರದ ನೆರಳು ಹನ್ನೊಂದರ ಹೊತ್ತಿಗೆ ತನ್ನ ಬುಡಕ್ಕೇ ಸರಿದು ಕುಳಿತಿರುತ್ತದೆ. ಆಮೇಲೆ ಮರವಿದ್ದರೂ ನಿಲ್ಲುವವನಿಗೆ ನೆರಳು ಸಿಗುತ್ತದೆಯೇ ಹೊರತು ನಡೆಯುವವನಿಗೆ ಸಿಗುವುದಿಲ್ಲ. ಅಷ್ಟಕ್ಕೂ ಹೆದ್ದಾರಿ ಅಗಲವಾದ ಮೇಲೆ ಹಳೆಯ ಸಾಲುಮರಗಳೇ ಅಪರೂಪವಾಗಿವೆ. ಇನ್ನು ಗಾಳಿಯ ಬಿಸಿ ಏರುತ್ತ ಹೋಗಿ ತುದಿ ಮುಟ್ಟುವುದು ಎರಡರಿಂದ ನಾಲ್ಕರೊಳಗೆ. ಅಂದರೆ ನಿಮ್ಮ ಪಟ್ಟಿಯಂತೆ ದಿನದ ಕೊನೆಯ, ಅತ್ಯಂತ ದಣಿದ ಕಿಲೋಮೀಟರುಗಳನ್ನು ನೀವು ದಿನದ ಅತ್ಯಂತ ಕೆಟ್ಟ ಹೊತ್ತಿಗೆ ಎತ್ತಿಟ್ಟುಕೊಂಡಿದ್ದೀರಿ.

ನಮ್ಮ ಬಯಲುಸೀಮೆಯ ಸೆಕೆ ಕರಾವಳಿಯದರಂತಲ್ಲ. ಸುತ್ತಲಿನ ಗಾಳಿ ಚರ್ಮಕ್ಕಿಂತ ಬಿಸಿಯಾದ ಮೇಲೆ ದೇಹಕ್ಕೆ ತಂಪಾಗಲು ಉಳಿಯುವ ದಾರಿ ಬೆವರು ಆರುವುದೊಂದೇ. ಮಣ್ಣಿನ ಹೂಜಿ ಹೊರಮೈಯಲ್ಲಿ ಜಿನುಗಿಸಿಕೊಂಡು ಒಳಗಿನ ನೀರನ್ನು ತಣ್ಣಗಿಡುವಂತೆಯೇ ಇದು. ಗಾಳಿ ಒಣಗಿರುವುದು ಈ ಕೆಲಸಕ್ಕೆ ಅನುಕೂಲವೇ ಸರಿ, ಆದರೆ ಅದರಿಂದಲೇ ಒಂದು ಮೋಸವೂ ಆಗುತ್ತದೆ. ಬೆವರು ಕಣ್ಣಿಗೆ ಬೀಳುವ ಮೊದಲೇ ಆರಿಹೋಗುವುದರಿಂದ "ನನಗೇನೂ ಅಷ್ಟು ಬೆವರಿಲ್ಲ" ಎಂದುಕೊಂಡು ನಡೆಯುತ್ತೇವೆ. ಅಂಗಿಯ ಬೆನ್ನಿನ ಮೇಲೆ, ಟೋಪಿಯ ಪಟ್ಟಿಯ ಮೇಲೆ ಬಿಳಿಯ ಉಪ್ಪಿನ ಗೆರೆ ಮೂಡಿದಾಗಲಷ್ಟೇ ಎಷ್ಟು ಹೋಗಿದೆ ಎಂಬುದು ತಿಳಿಯುತ್ತದೆ. ಬಿಸಿಲಿನಲ್ಲಿ ಚುರುಕಾಗಿ ನಡೆಯುವವರಿಗೆ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗುವುದು ಅಸಹಜವೇನಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ದಿನವನ್ನು ಹೊಸದಾಗಿ ಹಂಚಿಕೊಳ್ಳಿ. ಬೆಳಗಿನ ನಾಲ್ಕೂವರೆಗೆ ಹೊರಟು ಒಂಬತ್ತಕ್ಕೆ ನಿಲ್ಲಿಸಿದರೆ, ನಡುವಿನ ವಿಶ್ರಾಂತಿಯನ್ನು ಕಳೆದು, ಸಾಮಾನ್ಯ ನಡಿಗೆಯವರಿಗೆ 15 ಕಿ.ಮೀ. ಆಗುತ್ತದೆ. ಸಂಜೆ ಐದೂವರೆಯ ಮೇಲೆ ಇನ್ನೊಂದು 5–6 ಕಿ.ಮೀ. ನಡೆಯಬಹುದಾದರೂ ಅದನ್ನು ಪಟ್ಟಿಯಲ್ಲಿ ಸೇರಿಸಬೇಡಿ. ಮೈ ಹಗುರವಿದ್ದ ದಿನ ಸಿಗುವ ಲಾಭವೆಂದು ತಿಳಿಯಿರಿ. ಬೆಳಗಿನ ಜಾವದ ಕತ್ತಲಲ್ಲಿ ಲಾರಿಗಳು ವೇಗವಾಗಿ ಓಡುವ ಮುಖ್ಯ ರಸ್ತೆಯನ್ನು ಬಿಟ್ಟು ಸರ್ವಿಸ್ ರಸ್ತೆಯಲ್ಲಿಯೇ ನಡೆಯುವುದು, ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯ ಜಾಕೆಟ್ಟನ್ನು ಎಲ್ಲರೂ ತೊಡುವುದು, ಹುಲ್ಲಿನ ಅಂಚಿಗೆ ಟಾರ್ಚ್ ಹಾಕದೆ ಕಾಲಿಡದಿರುವುದು, ಇವು ಚರ್ಚೆಗೆ ಅವಕಾಶವಿಲ್ಲದ ಮಾತುಗಳು. ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಹಾದಿ ಆಗ್ನೇಯಕ್ಕೆ ಸಾಗುವುದರಿಂದ ಸೂರ್ಯ ಹುಟ್ಟಿದ ಮೇಲೆ ಬಿಸಿಲು ನಿಮ್ಮ ಎಡಗೆನ್ನೆಗೆ ಹೊಡೆಯುತ್ತದೆ. ಮುಂದೆ ಮಾತ್ರ ಅಂಚಿರುವ ಕ್ಯಾಪಿಗಿಂತ ಸುತ್ತಲೂ ಅಂಚಿರುವ ಟೋಪಿ, ಅದರ ಕೆಳಗೆ ಕುತ್ತಿಗೆ ಮುಚ್ಚುವ ಒದ್ದೆ ಟವೆಲ್ಲು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ದಿನಕ್ಕೆ 15 ಕಿ.ಮೀ. ಎಂದರೆ ಐದು ದಿನಗಳಲ್ಲಿ 120 ಕಿ.ಮೀ. ಆಗುವುದಿಲ್ಲ ಎಂಬುದು ನಿಮಗೆ ಹೊಳೆದಿರಬಹುದು. ಸುಮಾರು 60 ಕಿ.ಮೀ. ಇರುವ ದಾವಣಗೆರೆ–ಚಿತ್ರದುರ್ಗ ಹಾದಿಯನ್ನು ನಾಲ್ಕು ಬೆಳಗುಗಳಿಗೆ ಹಂಚಿ, ಐದನೆಯ ದಿನವನ್ನು ಯಾರಿಗಾದರೂ ಮೈ ಸರಿಯಿಲ್ಲದಾಗ ನಿಂತುಕೊಳ್ಳಲೆಂದು ಖಾಲಿ ಬಿಡುವುದು ನನ್ನ ಸಲಹೆ. ಚಿತ್ರದುರ್ಗದಿಂದ ಹಿರಿಯೂರು ದಾಟಿ ಅಣೆಕಟ್ಟಿನವರೆಗಿನ ಭಾಗವನ್ನು ಡಿಸೆಂಬರಿಗೆ ಇಟ್ಟುಕೊಳ್ಳಿ. ಮುಂಗಡ ಹೋದರೆ ಹೋಗಲಿ. ಇಡೀ ದೂರವನ್ನು ಒಂದೇ ಉಸಿರಿಗೆ ಮುಗಿಸಬೇಕೆಂಬ ನಿಯಮವನ್ನು ನಿಮಗೆ ನೀವೇ ಹಾಕಿಕೊಂಡದ್ದು, ಆದ್ದರಿಂದ ತೆಗೆಯುವ ಅಧಿಕಾರವೂ ನಿಮ್ಮದೇ. ಈ ಮಾರ್ಗದಲ್ಲಿ ಬಸ್ಸುಗಳು ಬೇಕಾದಷ್ಟಿವೆ ಎಂಬುದನ್ನು ಸೌಕರ್ಯವೆಂದಷ್ಟೇ ನೋಡದೆ ಯೋಜನೆಯ ಭಾಗವನ್ನಾಗಿ ಮಾಡಿಕೊಳ್ಳಿ: ಎಲ್ಲೆಲ್ಲಿ ಬಸ್ಸು ನಿಲ್ಲುತ್ತದೆ, ಎಲ್ಲೆಲ್ಲಿ ಆಟೋ ಸಿಗುತ್ತದೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಯಾವುದು ಎಂಬುದನ್ನು ಪ್ರತಿ ದಿನದ ಹಾದಿಗೂ ಮೊದಲೇ ಗುರುತಿಸಿ, ಅಂಥ ಎರಡು ಜಾಗಗಳ ನಡುವಿನ ಅಂತರ ಒಂದೂವರೆ ಗಂಟೆಯ ನಡಿಗೆಯನ್ನು ಮೀರದಂತೆ ನೋಡಿಕೊಳ್ಳಿ.

ಮರುದಿನ ನಡೆಯಬೇಕೇ ಬೇಡವೇ ಎಂಬುದನ್ನು ಹಿಂದಿನ ದಿನದ ಮಧ್ಯಾಹ್ನದ ಉಷ್ಣಾಂಶ ನೋಡಿ ನಿರ್ಧರಿಸುವವರೇ ಹೆಚ್ಚು. ನನಗೆ ಅದಕ್ಕಿಂತ ರಾತ್ರಿಯ ಉಷ್ಣಾಂಶ ಮುಖ್ಯವಾಗಿ ಕಾಣುತ್ತದೆ. ಹಗಲು ಕಾದ ದೇಹಕ್ಕೆ ರಾತ್ರಿ ತಣಿಯಲು ಅವಕಾಶ ಸಿಕ್ಕದಿದ್ದರೆ ಎರಡನೆಯ ದಿನದ 38 ಡಿಗ್ರಿ ಮೊದಲನೆಯ ದಿನದ 40 ಡಿಗ್ರಿಗಿಂತ ಹೆಚ್ಚು ಕಾಡುತ್ತದೆ. ದುರ್ಗದ ಬಂಡೆಗಳ ಪಕ್ಕದಲ್ಲಿ ಸಂಜೆ ನಿಂತು ನೋಡಿದವರಿಗೆ ಕಲ್ಲು ಹಗಲಿನ ಬಿಸಿಯನ್ನು ಎಷ್ಟು ಹೊತ್ತು ಉಗುಳುತ್ತಿರುತ್ತದೆ ಎಂಬುದು ಗೊತ್ತು. ಆರ್‌ಸಿಸಿ ಚಾವಣಿಯೂ ಅದನ್ನೇ ಮಾಡುತ್ತದೆ. ನೀವು ಮುಂಗಡ ಕೊಟ್ಟಿರುವುದು ಕಲ್ಯಾಣ ಮಂಟಪದ ಮೇಲಂತಸ್ತಿನ ಕೋಣೆಗಾಗಿದ್ದರೆ, ಅದಕ್ಕಿಂತ ಊರಿನ ಹಳೆಯ ಹೆಂಚಿನ ಮನೆಯ ಪಡಸಾಲೆ ನಿದ್ದೆಗೆ ಮೇಲಾಗಬಹುದು. ಎದುರುಬದುರು ಕಿಟಕಿಗಳಿವೆಯೇ, ಕರೆಂಟು ಹೋದರೆ ಗಾಳಿಯಾಡುತ್ತದೆಯೇ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ರಾತ್ರಿ ನಾಲ್ಕೈದು ಗಂಟೆಯಾದರೂ ನಿದ್ದೆ ಬರದವರು ಬೆಳಿಗ್ಗೆ ನಡೆಯದೆ ಬಸ್ಸಿನಲ್ಲಿ ಮುಂದಿನ ಊರಿಗೆ ಹೋಗಿರಲಿ.

ಹವಾಮಾನ ಇಲಾಖೆಯ ಅಂಕಿಗಳನ್ನು ಓದುವಾಗ ಎರಡು ವಿಷಯಗಳು ನೆನಪಿರಲಿ. ಆ ಉಷ್ಣಾಂಶವನ್ನು ಅಳೆಯುವುದು ನೆರಳಿನಲ್ಲಿ, ಗಾಳಿಯಾಡುವ ಬಿಳಿಯ ಪೆಟ್ಟಿಗೆಯೊಳಗೆ, ನೆಲದಿಂದ ನಾಲ್ಕು ಅಡಿಯಷ್ಟು ಎತ್ತರದಲ್ಲಿ. ಡಾಂಬರಿನ ಮೇಲೆ ನಡೆಯುವ ನಿಮಗೆ ತಗಲುವ ಬಿಸಿ ಬೇರೆಯೇ. ಎರಡನೆಯದಾಗಿ, ಬಯಲು ಪ್ರದೇಶದಲ್ಲಿ ಬಿಸಿಗಾಳಿ ಎಂದು ಘೋಷಿಸಬೇಕಾದರೆ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿ, ಆ ಕಾಲದ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು, ಇಲ್ಲವೇ 45 ಡಿಗ್ರಿ ತಲುಪಿರಬೇಕು. ಹೀಗಾಗಿ ಇಲ್ಲಿ 39 ಇದ್ದು ಯಾವ ಎಚ್ಚರಿಕೆಯೂ ಬಾರದ ದಿನವೂ ನಡೆಯುವವರ ಪಾಲಿಗೆ ಅಪಾಯದ ದಿನವಾಗಿರಬಹುದು. ಎಚ್ಚರಿಕೆ ಬಂದ ದಿನವಂತೂ ನಡೆಯಲೇಬೇಡಿ.

ನೀರಿನ ವಿಷಯ. ನಡೆಯುವಾಗ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಒಮ್ಮೆಗೇ ಗಟಗಟನೆ ಅಲ್ಲ, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕಾರು ಗುಟುಕಿನಂತೆ ಕುಡಿಯಿರಿ. ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ಬರಿಯ ನೀರನ್ನು ಹಟ ಹಿಡಿದು ಕುಡಿಯುವುದೂ ತಪ್ಪು. ರಕ್ತದಲ್ಲಿ ಸೋಡಿಯಂ ಇಳಿದು ವಾಕರಿಕೆ, ತಲೆನೋವು, ಗೊಂದಲ ಶುರುವಾಗುತ್ತವೆ, ಅದನ್ನು ನೀರು ಸಾಲದ್ದೆಂದು ಭಾವಿಸಿ ಮತ್ತಷ್ಟು ಕುಡಿಸುವವರೂ ಇದ್ದಾರೆ. ಆದ್ದರಿಂದ ಮೂರು ಬಾಟಲಿಗೆ ಒಂದರಲ್ಲಿ ಓಆರ್‌ಎಸ್ ಇರಲಿ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು. ಅರ್ಧ ಲೀಟರಿನ ಬಾಟಲಿಗೆ ಸುರಿದು ಕುಲುಕಿದರೆ ಅದು ಔಷಧವಾಗುವ ಬದಲು ಹೊಟ್ಟೆ ಕೆಡಿಸುತ್ತದೆ. ಪೊಟ್ಟಣವಿಲ್ಲದಾಗ ಒಂದು ಲೀಟರ್ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಕುಡಿಯಿರಿ, ಆದರೆ ಅದೊಂದನ್ನೇ ನಂಬಬೇಡಿ. ಉಪ್ಪು ಹಾಕಿದ ನೀರುಮಜ್ಜಿಗೆ ಅದಕ್ಕಿಂತ ಉತ್ತಮ ಜೊತೆಗಾರ. ಹಳ್ಳಿಗಳ ಶುದ್ಧ ನೀರಿನ ಘಟಕಗಳನ್ನು ನೆಚ್ಚಿಕೊಳ್ಳುವವರು ಚಿಲ್ಲರೆ ನಾಣ್ಯಗಳನ್ನು ಇಟ್ಟುಕೊಂಡಿರಬೇಕು, ಕರೆಂಟಿಲ್ಲದಿದ್ದರೆ ಘಟಕವೂ ಇಲ್ಲ ಎಂಬುದನ್ನೂ ನೆನಪಿಡಬೇಕು. ನಮ್ಮ ಜಿಲ್ಲೆಗಳ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ ನಿಜ, ಆದರೆ ಅದರ ಕೇಡು ವರ್ಷಗಟ್ಟಲೆ ಕುಡಿದವರಿಗೆ. ಬಾಯಾರಿ ನಿಂತವರು ಒಂದು ದಿನ ಆ ನೀರನ್ನು ಬೇಡವೆನ್ನಬೇಕಾಗಿಲ್ಲ. ದಾರಿಬದಿಯ ಅರವಟ್ಟಿಗೆ ಕಂಡಲ್ಲಿ ನಿಲ್ಲಿ, ಕುಡಿಯಿರಿ, ಬಾಟಲಿ ತುಂಬಿಕೊಳ್ಳಿ.

ಹೊರಡುವ ಮುಂಚಿನ ಎರಡು ವಾರ ದಿನಕ್ಕೊಂದು ಗಂಟೆಯಾದರೂ ಸೆಕೆಯ ಹೊತ್ತಿನಲ್ಲಿ ನಡೆದು ಮೈಯನ್ನು ಒಗ್ಗಿಸಿಕೊಳ್ಳಿ. ಬೇಗ ಬೆವರುವುದನ್ನೂ ಬೆವರಿನಲ್ಲಿ ಕಡಿಮೆ ಉಪ್ಪು ಬಿಡುವುದನ್ನೂ ದೇಹ ಕಲಿಯಲು ಒಂದರಿಂದ ಎರಡು ವಾರ ಬೇಕು. ಏಸಿ ಕೋಣೆಯಲ್ಲಿ ಕುಳಿತು ಕೆಲಸ ಮಾಡುವವರು ನಿಮ್ಮಲ್ಲಿದ್ದರೆ ಈ ಮಾತು ಮುಖ್ಯವಾಗಿ ಅವರಿಗೆ.

ಕೊನೆಗೆ, ನಿಲ್ಲಿಸುವ ತೀರ್ಮಾನ ಯಾರದು? ಮುಂದೆ ನಡೆಯುವವನದಲ್ಲ, ಎಲ್ಲರಿಗಿಂತ ಹಿಂದೆ ಬರುವವನದು. ಅರ್ಧ ಗಂಟೆ ನೆರಳಿನಲ್ಲಿ ಮಲಗಿ ನೀರು ಕುಡಿದ ಮೇಲೂ ತಲೆನೋವು, ವಾಕರಿಕೆ ಇಳಿಯದಿದ್ದರೆ, ಐದಾರು ಗಂಟೆ ಮೂತ್ರವೇ ಆಗದಿದ್ದರೆ ಅಥವಾ ಆದದ್ದು ಕಡು ಬಣ್ಣದಲ್ಲಿದ್ದರೆ, ಆ ದಿನದ ನಡಿಗೆ ಆ ಒಬ್ಬರಿಗೆ ಮಾತ್ರವಲ್ಲ, ಆರೂ ಮಂದಿಗೆ ಮುಗಿಯಿತೆಂದು ಮೊದಲೇ ಒಪ್ಪಿಕೊಂಡಿರಿ. ಒಬ್ಬರನ್ನೇ ಬಸ್ಸು ಹತ್ತಿಸಿ ಕಳಿಸುವ ಪದ್ಧತಿ ಇದ್ದರೆ ಯಾರೂ ತನ್ನ ಮೈ ಸರಿಯಿಲ್ಲವೆಂದು ಬಾಯಿ ಬಿಡುವುದಿಲ್ಲ.

ಪ್ರಶ್ನೆ: ನಮ್ಮ ಮಾವನವರಿಗೆ ಅರವತ್ತೆರಡು. ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಪ್ರತಿ ವರ್ಷ ನಾಯಕನಹಟ್ಟಿ ಜಾತ್ರೆಗೆ ಬರಿಗಾಲಲ್ಲಿ ನಡೆದು ಹೋಗುವ ಹರಕೆ ಅವರದು. ಮಾರ್ಚ್‌ನಲ್ಲಿಯೇ ಬಿಸಿಲು ತಡೆಯಲಾಗದಷ್ಟಾಗಿದೆ. ಏನಾದರೂ ಹೇಳಹೋದರೆ "ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ" ಎಂದು ತಿಪ್ಪೇರುದ್ರಸ್ವಾಮಿಯವರ ಮಾತನ್ನೇ ಹೇಳಿ ನಮ್ಮ ಬಾಯಿ ಮುಚ್ಚಿಸುತ್ತಾರೆ.
– ಗೃಹಿಣಿಯೊಬ್ಬರು, ಹೊಳಲ್ಕೆರೆ

ಉತ್ತರ: ಆ ಮಾತಿಗೆ ಎದುರು ಮಾತಾಡುವುದು ಕಷ್ಟವೇ. ಆದರೆ ಕೆರೆಗಳನ್ನು ಕಟ್ಟಿಸಿದವರೆಂದು ಜನ ನೆನೆಯುವ ಶರಣರು ನೀರಿನ ಬೆಲೆ ಬಲ್ಲವರೇ ಆಗಿದ್ದರೆಂದು ನಿಮ್ಮ ಮಾವನವರಿಗೆ ನೀವು ವಿನಯದಿಂದ ನೆನಪಿಸಬಹುದು. ಹರಕೆಯನ್ನು ಬಿಡಿಸಲು ಹೋಗದೆ, ನಡೆಯುವ ಹೊತ್ತನ್ನು ಬದಲಿಸಲು ಒಪ್ಪಿಸಿ.

ಮುಖ್ಯವಾದದ್ದು ಮಾತ್ರೆಗಳು. ರಕ್ತದೊತ್ತಡಕ್ಕೆ ಕೊಡುವ ಮಾತ್ರೆಗಳಲ್ಲಿ ಕೆಲವು ಮೂತ್ರದ ಮೂಲಕ ನೀರನ್ನೂ ಉಪ್ಪನ್ನೂ ಹೊರಹಾಕುವಂಥವು, ಇನ್ನು ಕೆಲವು ಬಿಸಿಲಿನಲ್ಲಿ ಹೃದಯ ಬೇಕಾದಷ್ಟು ವೇಗ ಹೆಚ್ಚಿಸಿಕೊಳ್ಳದಂತೆ ತಡೆಯುವಂಥವು. ಅವುಗಳನ್ನು ತಾವಾಗಿಯೇ ನಿಲ್ಲಿಸಕೂಡದು. ಹೊರಡುವ ಒಂದು ವಾರ ಮುಂಚೆ ಚೀಟಿ ಸಮೇತ ವೈದ್ಯರ ಬಳಿ ಹೋಗಿ, ಇಷ್ಟು ದಿನ ಇಷ್ಟು ದೂರ ಬಿಸಿಲಿನಲ್ಲಿ ನಡೆಯುತ್ತಾರೆಂದು ಸ್ಪಷ್ಟವಾಗಿ ಹೇಳಿ, ಪ್ರಮಾಣ ಬದಲಿಸಬೇಕೇ, ಓಆರ್‌ಎಸ್ ಕುಡಿಯಬಹುದೇ ಎಂಬ ಎರಡನ್ನೂ ಕೇಳಿಕೊಳ್ಳಿ. ಹೃದಯದ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ ಮೇಲಿನ ಉತ್ತರದಲ್ಲಿ ಹೇಳಿರುವ ನೀರು, ಉಪ್ಪಿನ ಲೆಕ್ಕ ಹೊಂದುವುದಿಲ್ಲ. ಮೈಕೈ ನೋವಿಗೆಂದು ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗುವ ಅಭ್ಯಾಸವಿದ್ದರೆ ಅದನ್ನು ತಪ್ಪಿಸಿ. ದೇಹದಲ್ಲಿ ನೀರು ಕಡಿಮೆಯಾಗಿರುವಾಗ ಅಂಥ ಹಲವು ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ಸಕ್ಕರೆ ಕಾಯಿಲೆ ಬಹುಕಾಲ ಇದ್ದವರ ಪಾದಕ್ಕೆ ಸ್ಪರ್ಶಜ್ಞಾನ ಕುಂದಿರಬಹುದಾದ್ದರಿಂದ ಡಾಂಬರು ಸುಟ್ಟದ್ದು ಅವರಿಗೆ ಗೊತ್ತಾಗುವುದು ಬೊಬ್ಬೆ ಎದ್ದ ಮೇಲೆಯೇ. ಯಾರಾದರೂ ಜೊತೆಗಿರುವವರು ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಹಿಡಿದು ನೋಡಲಿ. ಐದು ಎಣಿಸುವಷ್ಟು ಹೊತ್ತು ತಡೆಯಲಾಗದಿದ್ದರೆ ಬರಿಗಾಲಿಗೆ ಆ ರಸ್ತೆ ತರವಲ್ಲ. ದಾರಿಯುದ್ದಕ್ಕೂ ಮೆಟ್ಟು ಹಾಕಿಕೊಂಡು, ಊರ ಅಗಸೆಯಿಂದ ಗುಡಿಯವರೆಗೆ ಬರಿಗಾಲಲ್ಲಿ ನಡೆಯುವುದಕ್ಕೆ ಮನೆಯ ಹಿರಿಯರ ಅಥವಾ ಅವರು ಗೌರವಿಸುವ ಸ್ವಾಮಿಗಳೊಬ್ಬರ ಬಾಯಿಂದ ಒಪ್ಪಿಗೆ ಹೇಳಿಸಿದರೆ, ಸೊಸೆಯ ಮಾತಿಗಿಂತ ಅದು ಬೇಗ ನಾಟೀತು. ಪ್ರತಿ ತಂಗುದಾಣದಲ್ಲಿ ಅವರ ಪಾದದ ಅಡಿಯನ್ನು, ಬೆರಳುಗಳ ಸಂದುಗಳನ್ನು ಬೆಳಕಿನಲ್ಲಿ ಯಾರಾದರೂ ನೋಡಲೇಬೇಕು.

ಪ್ರಶ್ನೆ: ಹೋದ ಬೇಸಿಗೆಯಲ್ಲಿ ನಮ್ಮ ತಂಡದ ಹುಡುಗನೊಬ್ಬ ಮಧ್ಯಾಹ್ನ ನಡೆಯುತ್ತಿದ್ದಾಗ ತೊದಲತೊಡಗಿದ, ಸಂಬಂಧವಿಲ್ಲದ ಮಾತಾಡಿದ. ಬೆವರುತ್ತಲೇ ಇದ್ದುದರಿಂದ ಬಿಸಿಲಾಘಾತವಲ್ಲವೆಂದು ತಿಳಿದು ನಿಂಬೆ ಪಾನಕ ಕುಡಿಸಿ, ಜ್ವರದ ಮಾತ್ರೆ ಕೊಟ್ಟೆವು. ದೇವರ ದಯೆಯಿಂದ ಚೇತರಿಸಿಕೊಂಡ. ಅಂಥ ಸಮಯದಲ್ಲಿ ಸರಿಯಾದ ಕ್ರಮ ಯಾವುದು?
– ಕಾಲೇಜು ವಿದ್ಯಾರ್ಥಿ, ಚಳ್ಳಕೆರೆ

ಉತ್ತರ: ಬೆವರಿದೆಯೇ ಇಲ್ಲವೇ ಎಂಬುದು ಗುರುತಲ್ಲ, ಮಾತು ಮತ್ತು ನಡಿಗೆ ಗುರುತು. ನಡೆಯುತ್ತಲೇ ಬಿಸಿಲಾಘಾತಕ್ಕೆ ಸಿಕ್ಕಿದವರ ಮೈ ಹೆಚ್ಚಾಗಿ ಒದ್ದೆಯಾಗಿಯೇ ಇರುತ್ತದೆ. ಬಿಸಿಲಿನಲ್ಲಿ ಯಾರಾದರೂ ಗೊಂದಲಗೊಂಡರೆ, ತೂರಾಡಿದರೆ, ಪ್ರಜ್ಞೆ ತಪ್ಪಿದರೆ ದೇಹದ ಒಳಗಿನ ಉಷ್ಣಾಂಶ 40 ಡಿಗ್ರಿ ದಾಟಿದೆ ಎಂದೇ ತಿಳಿದು, 108ಕ್ಕೆ ಕರೆ ಮಾಡಿಸುತ್ತಲೇ ತಂಪು ಮಾಡಲು ತೊಡಗಬೇಕು. ಮೊದಲ ಅರ್ಧ ಗಂಟೆಯೊಳಗೆ ಮೈ ತಣಿಸಿದರೆ ಮಿದುಳು, ಮೂತ್ರಪಿಂಡಗಳು ಉಳಿಯುವ ಸಂಭವ ಬಹಳ ಹೆಚ್ಚು; ಆ ಅರ್ಧ ಗಂಟೆಯನ್ನು ಬಿಸಿ ಜೀಪಿನಲ್ಲಿ ಕೂರಿಸಿ ಆಸ್ಪತ್ರೆ ಹುಡುಕುವುದರಲ್ಲಿ ಕಳೆಯಬಾರದು. ನೆರಳಿಗೆ ತಂದು, ಬಟ್ಟೆ ಸಡಿಲಿಸಿ ತೆಗೆದು, ಮೈತುಂಬ ನೀರು ಸುರಿಯುತ್ತ ಬೀಸುತ್ತಿರಿ. ಹತ್ತಿರದ ಹೊಲದಲ್ಲಿ ಪಂಪ್‌ಸೆಟ್ ಓಡುತ್ತಿದ್ದರೆ ಅದರ ಧಾರೆಯ ಕೆಳಗೆ, ದನಗಳಿಗೆ ನೀರು ಕುಡಿಸುವ ತೊಟ್ಟಿ ಇದ್ದರೆ ತಲೆಯನ್ನು ಇಬ್ಬರು ಮೇಲೆತ್ತಿ ಹಿಡಿದುಕೊಂಡು ಕುತ್ತಿಗೆಯವರೆಗೆ ಅದರಲ್ಲಿಯೇ ಕೂರಿಸಿ. ಹಳ್ಳಿದಾರಿಯಲ್ಲಿ ಇದಕ್ಕಿಂತ ಒಳ್ಳೆಯ ಚಿಕಿತ್ಸೆ ಸಿಗಲಾರದು. ಸೋಡಾ ಅಂಗಡಿಯ ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕಂಕುಳು, ತೊಡೆಸಂದು, ಕುತ್ತಿಗೆಗಳಿಗೆ ಇಡಿ.

ಸರಿಯಾಗಿ ಮಾತಾಡಲಾಗದವನ ಬಾಯಿಗೆ ಪಾನಕ ಹಾಕಬೇಡಿ, ಅದು ಶ್ವಾಸನಾಳಕ್ಕೆ ಇಳಿಯಬಹುದು. ಇದು ಜ್ವರವಲ್ಲವಾದ್ದರಿಂದ ಪ್ಯಾರಸಿಟಮಾಲ್ ಉಷ್ಣಾಂಶ ಇಳಿಸುವುದಿಲ್ಲ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಆಗಲೇಬೇಕು, ಏಕೆಂದರೆ ಸ್ನಾಯು, ಯಕೃತ್ತುಗಳಿಗೆ ಆದ ಹಾನಿ ಒಂದೆರಡು ದಿನಗಳ ನಂತರ ಹೊರಬೀಳುವುದುಂಟು. ನಿಮ್ಮ ಗೆಳೆಯ ಈ ಬೇಸಿಗೆಯಲ್ಲಿ ಮತ್ತೆ ನಡೆಯುವ ಮುನ್ನ ವೈದ್ಯರಿಗೆ ತೋರಿಸಿಕೊಳ್ಳುವುದು ಒಳ್ಳೆಯದು. ಒಮ್ಮೆ ಹೀಗಾದವರನ್ನು ಬಿಸಿಲು ಎರಡನೆಯ ಸಲ ಬೇಗ ಹಿಡಿಯುತ್ತದೆ.

ಪ್ರಶ್ನೆ: ಮೇ ತಿಂಗಳಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಮೋಡ ಕವಿದು ತಂಪಾದರೆ ನಿಲ್ಲಿಸಿದ ನಡಿಗೆಯನ್ನು ಮುಂದುವರಿಸಬಹುದೇ? ಕೊನೆಯ ದಿನ ಜೋಗಿಮಟ್ಟಿ ಹತ್ತುವ ಆಸೆಯೂ ಇದೆ.
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಮೋಡ ತರುವ ತಂಪಿನ ಹಿಂದೆಯೇ ಗುಡುಗು ಬರುತ್ತದೆ. ಮುಂಗಾರು ಪೂರ್ವದ ಮಳೆ ಇಲ್ಲಿ ಸಿಡಿಲಿನೊಂದಿಗೆ ಸುರಿಯುವುದೇ ಹೆಚ್ಚು, ಮತ್ತು ಬಯಲಿನಲ್ಲಿ ನಡೆಯುವವರಿಗೆ ಕಾಣುವ ಏಕೈಕ ಆಸರೆಯಾದ ಒಂಟಿಮರವೇ ಆಗ ಅತ್ಯಂತ ಅಪಾಯದ ಜಾಗ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಪಕ್ಕಾ ಕಟ್ಟಡದೊಳಗೇ ಇರಿ. ಮಳೆ ನಿಂತ ಮೇಲೆ ನಡೆಯಬಹುದು, ಆದರೆ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಬೇಗ ಆರುವುದಿಲ್ಲ. ಉಷ್ಣಾಂಶ ಕಡಿಮೆ ಇದ್ದರೂ ಎಂದಿಗಿಂತ ನಿಧಾನವಾಗಿ ನಡೆಯಿರಿ. ಜೋಗಿಮಟ್ಟಿ ಅರಣ್ಯ ಇಲಾಖೆಯ ಸುಪರ್ದಿಯಲ್ಲಿರುವ ಕಾಡು. ಒಣಗಿದ ಹುಲ್ಲಿಗೆ ಬೆಂಕಿ ತಗಲುವ ಈ ತಿಂಗಳುಗಳಲ್ಲಿ ಪ್ರವೇಶವಿದೆಯೇ, ಎಷ್ಟು ಗಂಟೆಯವರೆಗೆ ಎಂಬುದನ್ನು ಚಿತ್ರದುರ್ಗದ ಅರಣ್ಯ ಕಚೇರಿಯಲ್ಲಿ ಹಿಂದಿನ ದಿನವೇ ವಿಚಾರಿಸಿ. ಇದೆ ಎಂದರೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ, ಸಂಜೆಗೆ ಇಟ್ಟುಕೊಳ್ಳಬೇಡಿ.